ಕ್ರೀಪಿಂಗ್ ವೇವ್: ಮೈಯೊಳಗಲ್ಲ, ಮೈಮೇಲೆ

ವಾಚು, ಇಯರ್‌ಬಡ್ಸ್ ರಿವ್ಯೂ ಮಾಡೋರು "ಸಿಗ್ನಲ್ಲು ಬಾಡಿ ಒಳಗಿಂದ ಕ್ರೀಪ್ ಆಗಿ ಆ ಕಡೆ ಕಿವಿಗೆ ಹೋಗುತ್ತೆ" ಅನ್ನೋದು ಈಗೀಗ ಜಾಸ್ತಿನೇ ಆಗಿದೆ. ಇಲ್ಲ ಮಾರಾಯ್ರೆ, ಕ್ರೀಪಿಂಗ್ ವೇವ್ ಅಂದ್ರೆ ಮೈಯೊಳಗೆ ನುಗ್ಗೋ ಅಲೆ ಅಲ್ವೇ ಅಲ್ಲ, ಮೈಯ ಉಬ್ಬು ಬಳಸ್ಕೊಂಡು ಚರ್ಮದ ಮೇಲೇ ಸುತ್ತಿ ಆ ಬದಿಗೆ ಹೋಗೋ ರೇಡಿಯೋ ಅಲೆ. ಗೋಡೆಗೆ ಹಬ್ಬಿದ ಬಳ್ಳಿ ಗೋಡೆ ಕೊರ್ಕೊಂಡು ಹೋಗುತ್ತಾ?

ಒಳಗಿಂದ ಯಾಕಾಗಲ್ಲ ಅಂತ ಲೆಕ್ಕ ನೋಡಿ. ಬ್ಲೂಟೂತ್ ಇರೋದು 2.4 ಗಿಗಾಹರ್ಟ್ಸ್‌ನಲ್ಲಿ, ನಮ್ಮ ಮಾಂಸಖಂಡ ಬಹುಪಾಲು ಉಪ್ಪುನೀರು, ಅಲೆ ಅದರೊಳಗೆ ಬರೀ 2 ಸೆಂ.ಮೀ. ಚಿಲ್ಲರೆ ಹೋಗೋಷ್ಟರಲ್ಲಿ ಪವರ್ ಏಳರಲ್ಲಿ ಒಂದು ಪಾಲಿಗೆ ಇಳಿದಿರುತ್ತೆ, ಮಿಕ್ಕಿದ್ದೆಲ್ಲ ಶಾಖ. ಇದೇ ಲೆಕ್ಕದಲ್ಲಿ 20 ಸೆಂ.ಮೀ. ಮಾಂಸ ದಾಟಬೇಕಂದ್ರೆ ಕೋಟಿಯಲ್ಲಿ ಒಂದು ಪಾಲೂ ಉಳಿಯಲ್ಲ.

ಹಾಗಂತ ಮೇಲಿಂದ ಹೋಗೋದೇನು ಪುಕ್ಕಟೆ ಅಲ್ಲ, ಸುತ್ತಿದಷ್ಟೂ ಅಲೆ ಆಚೆಗೆ ಸೋರ್ತಾನೇ ಇರುತ್ತೆ. ಪ್ಯಾಂಟಿನ ಬಲಗಡೆ ಹಿಂದಿನ ಜೇಬಲ್ಲಿ ಫೋನಿಟ್ಕೊಂಡು ಖಾಲಿ ಮೈದಾನದಲ್ಲಿ ನಡೀರಿ, ಎಡಗಿವಿ ಬಡ್ ತಡವರಿಸಿದ್ರೆ ಕಾರಣ ಇದೇ. ಅದೇ ರೂಮೊಳಗೆ ಬಂದ್ರೆ ಸರಿಹೋಗುತ್ತೆ, ಯಾಕಂದ್ರೆ ಗೋಡೆ, ಸೀಲಿಂಗಿಗೆ ಬಡಿದು ವಾಪಸ್ ಬರೋ ಅಲೆ ಕೈ ಹಿಡಿಯುತ್ತೆ. ಡಬ್ಬಿ ಮೇಲೆ 10 ಮೀಟರ್ ರೇಂಜ್ ಅಂತ ಬರೆದಿರೋದನ್ನ ಹಿಡ್ಕೊಂಡು "ಒಂದು ಮೀಟರಿಗೇ ಕಟ್ಟಾಗುತ್ತೆ, ಪೀಸೇ ಡಿಫೆಕ್ಟು" ಅನ್ನೋರು ಮಧ್ಯ ಇರೋ ತಮ್ಮ ಮೈಯನ್ನೇ ಲೆಕ್ಕಕ್ಕೆ ತಗೊಂಡಿರಲ್ಲ. ಬಡ್ ಬದಲಾಯಿಸೋಕೆ ಮೊದಲು ಜೇಬು ಬದಲಾಯಿಸಿ ನೋಡಿ, ಮುಂದಿನ ಜೇಬಾದ್ರೆ ಇನ್ನೂ ಒಳ್ಳೇದು. ಆಂಟೆನಾ ಮಾಡೋರಿಗೂ ಇದು ಗೊತ್ತು, ಎಲೆಕ್ಟ್ರಿಕ್ ಫೀಲ್ಡು ಚರ್ಮಕ್ಕೆ ನೆಟ್ಟಗೆ ನಿಂತಿದ್ರೆ ಅಲೆ ಮೈಮೇಲೆ ಚೆನ್ನಾಗಿ ಸಾಗುತ್ತೆ, ಚರ್ಮಕ್ಕೆ ಒರಗಿ ಮಲಗಿದ್ರೆ ಬೇಗ ಸಾಯುತ್ತೆ.

ನಿಜವಾಗ್ಲೂ ಮೈಯೊಳಗಿಂದ ಹಾಯೋದೂ ಇದೆ ಕಣ್ರೀ, ಆದ್ರೆ ಅದು ಬೇರೇನೇ. ಎರಡೂ ಕಿವಿಯ ಹಿಯರಿಂಗ್ ಏಡ್ ತಲೆ ದಾಟಿ ಮಾತಾಡ್ಕೊಳ್ಳೋಕೆ ಎಷ್ಟೋ ಮಾಡೆಲ್‌ಗಳಲ್ಲಿ 10 ಮೆಗಾಹರ್ಟ್ಸ್ ಆಸುಪಾಸಿನ ಮ್ಯಾಗ್ನೆಟಿಕ್ ಫೀಲ್ಡ್ ಬಳಸ್ತಾರೆ, ಅದಕ್ಕೆ ಮಾಂಸ ಅಷ್ಟಾಗಿ ಅಡ್ಡಿ ಮಾಡಲ್ಲ. ಮೈಮೇಲೆ, ಮೈಯೊಳಗೆ ಇರೋ ಸಾಧನಗಳ ವೈರ್‌ಲೆಸ್ ಸಂಪರ್ಕಕ್ಕಂತ ಮಾಡಿದ 2012ರ ಐಟ್ರಿಪಲ್‌ಇ 802.15.6 ಸ್ಟ್ಯಾಂಡರ್ಡಲ್ಲಿ ಮೈಯನ್ನೇ ವೈರಿನ ಥರ ಬಳಸೋ 21 ಮೆಗಾಹರ್ಟ್ಸ್‌ನ ದಾರಿನೂ ಇದೆ, ಅದರ ಹೆಸರು ಹ್ಯೂಮನ್ ಬಾಡಿ ಕಮ್ಯುನಿಕೇಶನ್. ಇವೆರಡರಲ್ಲಿ ಯಾವುದಕ್ಕೂ ಕ್ರೀಪಿಂಗ್ ವೇವ್ ಅನ್ನಲ್ಲ.