ಒಂದೂವರೆ ಪುಟಕ್ಕೆ ಒಂದು ಬೆಳಗ್ಗೆ ಸಾಕು

‘ಒಂದಾನೊಂದು ಊರಿನಲ್ಲಿ ರಾಮು ಎಂಬ ಹುಡುಗನಿದ್ದನು. ಅವನು ಬಹಳ ಒಳ್ಳೆಯವನು.’ ಎಂಟನೇ ತರಗತಿಯಲ್ಲಿ ಕತೆ ಬರೆಯಿರಿ ಅಂದರೆ ಮುಕ್ಕಾಲು ಪಾಲು ನೋಟ್‌ಬುಕ್ಕುಗಳು ಶುರುವಾಗುವುದು ಹೀಗೇ. ಪುಟ ತಿರುಗಿಸುವಷ್ಟರಲ್ಲಿ ರಾಮು ಓದಿ, ಡಾಕ್ಟರಾಗಿ, ಊರಿಗೊಂದು ಆಸ್ಪತ್ರೆಯನ್ನೂ ಕಟ್ಟಿಸಿರುತ್ತಾನೆ. ಈಗಿನ ಮಕ್ಕಳಿಗೆ ಕಲ್ಪನೆ ಇಲ್ಲ ಎಂದು ಮೇಷ್ಟ್ರುಗಳು ಗೊಣಗುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಒಂದೂವರೆ ಪುಟದೊಳಗೆ ಇಪ್ಪತ್ತು ವರ್ಷ ತುರುಕಲು ಹೋಗುತ್ತಾರೆ, ತೊಂದರೆ ಅಷ್ಟೇ.

ಅದಕ್ಕೇ ನಾನು ಮೊದಲು ಕೇಳುವುದು ಕತೆಯ ಹೊತ್ತನ್ನು. ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ? ಆಮೇಲೆ ಎರಡು ಪ್ರಶ್ನೆ: ಯಾರಿಗೆ ಏನು ಬೇಕು, ಅದಕ್ಕೆ ಏನು ಅಡ್ಡ ಬರುತ್ತದೆ. ಇಷ್ಟನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮೂರು ಸಾಲಾಗಿ ಬರೆದ ಮೇಲೇ ಮುಂಬದಿಗೆ ಬರಬೇಕು.

ಕೋಲಾರದ ಮಕ್ಕಳಿಗೆ ಎಪಿಎಂಸಿಯ ಟೊಮೆಟೊ ಮಂಡಿ ಹೊಸದಲ್ಲ. ಹುಡುಗಿಯೊಬ್ಬಳು ಅದನ್ನೇ ಆರಿಸಿಕೊಂಡಳು. ಕತೆಯ ಹುಡುಗಿಗೆ ಶಾಲೆಯ ಟೂರಿಗೆ ದುಡ್ಡು ಬೇಕು; ಒಳ್ಳೆ ರೇಟು ಸಿಕ್ಕರೆ ಕೊಡುತ್ತೇನೆ ಎಂದು ಅಪ್ಪ ಹೇಳಿದ್ದಾನೆ. ಮೊದಲ ಸಲ ಬರೆದಾಗ ಹರಾಜಿನಲ್ಲಿ ಬಾಕ್ಸು ಎರಡು ಸಾವಿರಕ್ಕೆ ಹೋಯಿತು, ದುಡ್ಡು ಸಿಕ್ಕಿತು, ಕತೆ ಮುಗಿಯಿತು. ಆಗದ ಮಾತೇನಲ್ಲ, 2023ರ ಜುಲೈನಲ್ಲಿ 15 ಕೆಜಿಯ ಬಾಕ್ಸು ಇಲ್ಲಿ 2,000 ರೂಪಾಯಿ ದಾಟಿತ್ತು. ಆದರೆ ಆ ಹುಡುಗಿ ಕತೆಯಲ್ಲಿ ಏನೂ ಮಾಡಲೇ ಇಲ್ಲ. ರೇಟು ಬಿದ್ದರೆ ಏನು ಮಾಡ್ತಾಳಮ್ಮ ಅಂತ ಕೇಳಿದೆ.

ಎರಡನೇ ಸಲ ಬಾಕ್ಸು ನೂರಿಪ್ಪತ್ತಕ್ಕೆ ನಿಂತಿತು. ಅಪ್ಪ ಮಂಡಿಯ ಚೀಟಿಯನ್ನು ಮಡಚುತ್ತಾನೆ, ಬಿಚ್ಚುತ್ತಾನೆ, ಮತ್ತೆ ಮಡಚುತ್ತಾನೆ. ‘ಟೂರಿಗೆ ದುಡ್ಡು ಯಾವತ್ತು ಕಟ್ಬೇಕಮ್ಮ?’

‘ಟೂರು ಕ್ಯಾನ್ಸಲ್ ಆಯ್ತಪ್ಪ.’

ಅಲ್ಲಿಗೆ ನಿಲ್ಲಿಸು ಅಂದೆ. ಅವಳು ಕೆಳಗೆ ‘ನೀತಿ: ತಂದೆತಾಯಿಯರ ಕಷ್ಟ ಅರಿಯಬೇಕು’ ಎಂದು ಬರೆದಿದ್ದಳು, ಅದನ್ನು ಹೊಡೆದು ಹಾಕಿಸಿದೆ. ಸುಳ್ಳು ಹೇಳುವ ಮಗುವನ್ನು ಕತೆಯಲ್ಲಿ ತರಬಹುದೇ ಎಂದು ಕೆಲವು ಪೋಷಕರು ಕೇಳುತ್ತಾರೆ. ಧಾರಾಳವಾಗಿ ತರಬಹುದು.

ಮಾತಿನ ಭಾಷೆಯ ಬಗ್ಗೆ ನನ್ನದು ಸ್ವಲ್ಪ ಹಟ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ನಡೆಯುತ್ತದೆ. ಆದರೂ ಮಕ್ಕಳು ಬರೆಯುವಾಗ ಮಂಡಿಯ ಹಮಾಲಿಯ ಬಾಯಲ್ಲೂ ‘ನಾನು ಹೋಗುತ್ತೇನೆ’ ಎಂದೇ ಆಡಿಸುತ್ತಾರೆ. ನಿರೂಪಣೆ ಪುಸ್ತಕದ ಕನ್ನಡದಲ್ಲಿರಲಿ. ಉದ್ಧರಣ ಚಿಹ್ನೆಯೊಳಗೆ ಆಯಾ ಮನುಷ್ಯ ಆಡುವ ಹಾಗೇ ಇರಲಿ. ಅದಕ್ಕೆ ಕೆಂಪು ಶಾಯಿ ಬೇಡ. ಕಾಗುಣಿತದ ತಪ್ಪಿಗೆ ಹಾಕೋಣ.

ತಿದ್ದುವಾಗ ಜೋರಾಗಿ ಓದಿಸಿ. ‘ಅವಳಿಗೆ ಬಹಳ ದುಃಖವಾಯಿತು’ ಎಂದು ಬಂದ ಕಡೆ, ಆಗ ಅವಳ ಕೈ ಏನು ಮಾಡುತ್ತಿತ್ತು ಎಂದು ಕೇಳಿ. ಉತ್ತರ ಬಂದರೆ ದುಃಖದ ಸಾಲನ್ನು ತೆಗೆಸಿ.

ಪರೀಕ್ಷೆಯಲ್ಲಿ ಸುಳಿವು ಕೊಟ್ಟು ಕತೆ ಬೆಳೆಸಿ ಅಂದಾಗ ಲೆಕ್ಕ ಬೇರೆ. ಒಂದು ಸುಳಿವನ್ನೂ ಬಿಡುವಂತಿಲ್ಲ, ಅಂಕ ಹೋಗುತ್ತದೆ. ಹಾಗೆಂದು ಎಲ್ಲಕ್ಕೂ ಸಮನಾಗಿ ಸಾಲು ಹಂಚಬೇಕಿಲ್ಲ. ಜಗಳವೋ ಭಯವೋ ಇರುವ ಒಂದು ಸುಳಿವನ್ನು ಹಿಡಿದು ಅಲ್ಲಿ ನಾಲ್ಕು ಮಾತು ಆಡಿಸಿ, ಮಿಕ್ಕವನ್ನು ಒಂದೊಂದು ಸಾಲಿನಲ್ಲಿ ದಾಟಿಸಿದರಾಯಿತು.