ತಂಡ ಊರು ಬಿಟ್ಟು ಹೋದ ಮೇಲೆ

ನಮ್ಮ ಚಿಕ್ಕಪ್ಪನ ಮನೆಯಲ್ಲಿ, ಕೋವಿ ತೂಗುಹಾಕುವ ಗೂಟದ ಪಕ್ಕದಲ್ಲೇ ಬಣ್ಣ ಹೋದ ಒಂದು ಟೋಪಿ ಇದೆ. 2012ರ ಮಾರ್ಚ್‌ನಲ್ಲಿ ಗೋಣಿಕೊಪ್ಪದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಕರ್ನಾಟಕ ಲಯನ್ಸ್ ಆಟ ನೋಡಿ ಬಂದಾಗ ತಂದದ್ದು. ವರ್ಲ್ಡ್ ಸೀರೀಸ್ ಹಾಕಿ ಲೀಗ್‌ನ ಆ ತಂಡಕ್ಕೆ ನಮ್ಮ ಕೊಡಗು ಜಿಲ್ಲೆಯ ಅರ್ಜುನ್ ಹಾಲಪ್ಪ ನಾಯಕ. "ಬರೋ ವರ್ಷ ನಿನ್ನನ್ನೂ ಕರ್ಕೊಂಡು ಹೋಗ್ತೀನಿ" ಅಂದಿದ್ದರು ಚಿಕ್ಕಪ್ಪ.

ಬರೋ ವರ್ಷ ಆ ಲೀಗೇ ನಡೆಯಲಿಲ್ಲ. ಒಂದೇ ಸೀಸನ್‌ಗೆ ಮುಗಿದುಹೋಯಿತು.

2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾಯಿತು. ತಂಡಗಳು ಐದು: ದೆಹಲಿ, ಪಂಜಾಬ್, ಉತ್ತರ ಪ್ರದೇಶ, ರಾಂಚಿ, ಮುಂಬೈ. ಕರ್ನಾಟಕ ಇಲ್ಲ. ನಮ್ಮ ವಿ.ಆರ್. ರಘುನಾಥ್ ಉತ್ತರ ಪ್ರದೇಶದ ಪರ, ಸೋಮವಾರಪೇಟೆಯ ಎಸ್.ವಿ. ಸುನಿಲ್ ಪಂಜಾಬ್ ಪರ. ಇಬ್ಬರೂ ಎದುರಾಬದುರಾದರೆ ಕೊಡಗಿನವರು ಯಾರಿಗೆ ಚಪ್ಪಾಳೆ ತಟ್ಟಬೇಕು? ನಮ್ಮ ಮನೆಯಲ್ಲಿ ಚೆಂಡು ಯಾರ ಸ್ಟಿಕ್ಕಿನಲ್ಲಿದೆಯೋ ಅವರಿಗೇ ಕೂಗುತ್ತಿದ್ದೆವು. ಕೆಲ ವರ್ಷ ನಿಂತಿದ್ದ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದಾಗಲೂ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ ಹೆಸರಿರಲಿಲ್ಲ. ಇಷ್ಟು ಆಟಗಾರರನ್ನು ಕೊಟ್ಟ ನಾಡಿಗೆ ಇದು ನಿಜಕ್ಕೂ ನೋವಿನ ವಿಷಯ.

ಈ ನೋವು ನಮ್ಮೊಬ್ಬರದ್ದಲ್ಲ. ಅಮೆರಿಕದ ಲೀಗ್‌ಗಳಲ್ಲಿ ತಂಡ ಅಂದರೆ ಮಾಲೀಕರ ಆಸ್ತಿ. ತಂಡಗಳ ಸಂಖ್ಯೆ ಕಡಿಮೆ, ಬೇಕು ಅನ್ನುವ ನಗರಗಳು ಜಾಸ್ತಿ. ಯಾವ ಊರು ಒಳ್ಳೆಯ ಸ್ಟೇಡಿಯಂ ಕಟ್ಟಿಕೊಡುತ್ತದೋ ಅಲ್ಲಿಗೆ ಗಂಟುಮೂಟೆ. 1957ರ ಸೀಸನ್ ಮುಗಿದದ್ದೇ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಲಾಸ್ ಏಂಜಲೀಸ್‌ಗೆ ಹೋಯಿತು. 1984ರ ಮಾರ್ಚ್‌ನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ರಾತ್ರೋರಾತ್ರಿ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟಿತು. ತಂಡವನ್ನೇ ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ಕಾನೂನು ಬರುತ್ತಿತ್ತು, ಅದಕ್ಕೇ ಅಷ್ಟು ಅವಸರ. ಆದರೆ ತಂಡದ ಆಟಗಳಿಗೆ ನುಡಿಸುತ್ತಿದ್ದ ಊರಿನವರ ಬ್ಯಾಂಡ್ ಉಳಿಯಿತು. ಅವರ ಸಮವಸ್ತ್ರಗಳು ಆ ಹೊತ್ತಿಗೆ ಡ್ರೈಕ್ಲೀನಿಂಗ್‌ಗೆ ಹೋಗಿದ್ದವು! ಅವನ್ನು ಬಚ್ಚಿಟ್ಟುಕೊಂಡು, 1996ರಲ್ಲಿ ಹೊಸ ತಂಡ ಬರುವವರೆಗೆ, ಹನ್ನೆರಡು ವರ್ಷ, ತಂಡವೇ ಇಲ್ಲದ ಊರಿನಲ್ಲಿ ಆ ಬ್ಯಾಂಡ್ ನುಡಿಸುತ್ತಲೇ ಇತ್ತು. ಇದನ್ನು ಯಾವಾಗ ನೆನೆದರೂ ನನ್ನ ಕಣ್ಣು ತುಂಬುತ್ತದೆ.

ಲಂಡನ್ನಿನ ವಿಂಬಲ್ಡನ್ ಜನ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಫುಟ್‌ಬಾಲ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ತಾವೇ ಎಎಫ್‌ಸಿ ವಿಂಬಲ್ಡನ್ ಅಂತ ಹೊಸ ಕ್ಲಬ್ ಕಟ್ಟಿ, ಊರಿನ ಬಯಲಿನಲ್ಲಿ ಆಟಗಾರರನ್ನು ಆರಿಸಿ, ಒಂಬತ್ತನೇ ದರ್ಜೆಯಿಂದ ಶುರುಮಾಡಿದರು. 2011ಕ್ಕೆ ವೃತ್ತಿಪರ ಕ್ಲಬ್‌ಗಳ ಫುಟ್‌ಬಾಲ್ ಲೀಗ್ ತಲುಪಿದರು. 2020ರಲ್ಲಿ ತಮ್ಮ ಹಳೇ ಬೀದಿ ಪ್ಲೌ ಲೇನ್‌ಗೇ ವಾಪಸ್ ಬಂದರು.

ನಮ್ಮ ಕಾವೇರಿಯ ಹೆಸರಿನಲ್ಲೂ ಒಂದು ತಂಡ ಊರು ಬಿಟ್ಟಿದೆ. 2018ರ ಏಪ್ರಿಲ್‌ನಲ್ಲಿ ನೀರಿನ ಹೋರಾಟ ಜೋರಾಗಿ, ಚೆನ್ನೈ ಸೂಪರ್ ಕಿಂಗ್ಸ್ ತವರಿನಲ್ಲಿ ಒಂದೇ ಪಂದ್ಯ ಆಡಿ ಪುಣೆಗೆ ಹೋಗಬೇಕಾಯಿತು. ಅಭಿಮಾನಿಗಳು ವಿಶೇಷ ರೈಲಿನಲ್ಲಿ ಹಿಂದೆಯೇ ಹೋದರು. ತಲಕಾವೇರಿಯಲ್ಲಿ ಸಣ್ಣ ಕುಂಡಿಕೆಯಲ್ಲಿ ಹುಟ್ಟುವ ನೀರು, ಅಲ್ವಾ? ಎಲ್ಲಿಯವರನ್ನೋ ಎಲ್ಲಿಗೋ ಕಳಿಸಿತು.

ಕೊಡಗಿನಲ್ಲಿ ಮಾತ್ರ ಯಾರೂ ಸಾಗಿಸಲಾಗದ ತಂಡಗಳಿವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಬಂದದ್ದು 60 ತಂಡ. ಇಲ್ಲಿ ತಂಡದ ಹೆಸರು ಒಕ್ಕದ, ಅಂದರೆ ಮನೆತನದ, ಹೆಸರು. ಅಪ್ಪ, ಮಗಳು, ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣ, ಎಲ್ಲ ಒಂದೇ ಜೆರ್ಸಿಯಲ್ಲಿ. ಪ್ರತಿ ವರ್ಷ ಒಂದೊಂದು ಒಕ್ಕ ನಡೆಸುತ್ತದೆ, ಕಪ್‌ಗೂ ಅದರದ್ದೇ ಹೆಸರು. ಮೈದಾನ ಬದಲಾಗುತ್ತಾ ಇರುತ್ತದೆ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿಯಿತು, ಆಮೇಲೆ ಕೊರೋನಾ ಬಂತು, 2023ರವರೆಗೆ ಹಬ್ಬವೇ ಇರಲಿಲ್ಲ. ಬೇರೆ ಲೀಗ್ ಆಗಿದ್ದರೆ ಅಲ್ಲಿಗೆ ಕತೆ ಮುಗೀತಿತ್ತು. ಆದರೆ ಒಕ್ಕಗಳು ಎಲ್ಲಿಗೂ ಹೋಗಿರಲಿಲ್ಲ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು.

ಆ ವರ್ಷ ಚಿಕ್ಕಪ್ಪ ಲಯನ್ಸ್ ಟೋಪಿ ಹಾಕಿಕೊಂಡೇ ಬಂದಿದ್ದರು. ನಾವು ಮೊದಲ ಸುತ್ತಿನಲ್ಲೇ ಸೋತೆವು. ನಾಕೌಟ್ ಆಟ, ಸೋತರೆ ಮನೆಗೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಎದ್ದು ಗ್ಯಾಲರಿಯ ಆ ಬದಿಗೆ ನಡೆದರು. ಅಲ್ಲಿ ಚಿಕ್ಕಮ್ಮನ ತವರಿನವರು ಕೂತಿದ್ದರು, ಅವರ ಆಟ ಇನ್ನೂ ಬಾಕಿ ಇತ್ತು. ಚಿಕ್ಕಮ್ಮ ಬ್ಯಾಗು ತೆಗೆದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.