ಸಾಲ್ಡರ್ ಮುಗಿದಲ್ಲೇ ತಂತಿ ಮುರಿಯುತ್ತದೆ

ಗಾಳಿ ಬೀಸಿದಾಗ ಎಸ್‌ಡಬ್ಲ್ಯುಆರ್ (ಆಂಟೆನಾಗೆ ಕಳಿಸಿದ ಪವರ್ ಎಷ್ಟು ಹಿಂದಕ್ಕೆ ಬರುತ್ತಿದೆ ಅಂತ ತೋರಿಸುವ ಅಳತೆ) ಮುಳ್ಳು ಕುಣಿಯುತ್ತದೆ, ಗಾಳಿ ನಿಂತರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ರೇಡಿಯೊ ಸೆಟ್ಟಿನ ಹತ್ತಿರ ಹೋಗುವುದೇ ಇಲ್ಲ. ಮೊದಲು ಹಗ್ಗ ಸಡಿಲಿಸಿ ಆಂಟೆನಾ ಕೆಳಗಿಳಿಸಿ ಅನ್ನುತ್ತೇನೆ. ಹಾಗೆ ಇಳಿಸಿದ ಒಂದು 7 ಮೆಗಾಹರ್ಟ್ಸ್ ಡೈಪೋಲಿನ (ನಡುವೆ ಕೇಬಲ್ ಸೇರುವ, ಎರಡು ತೋಳಿನ ತಂತಿ ಆಂಟೆನಾ) ನಡುವಿನ ಜಾಯಿಂಟಿಗೆ ದಪ್ಪಗೆ ಟೇಪು ಸುತ್ತಿತ್ತು. ಬ್ಲೇಡಿನಿಂದ ಸೀಳಿದರೆ ಒಳಗಿಂದ ಹಸಿರು ನೀರು ಇಳಿಯಿತು. ಸಾಲ್ಡರ್ ಮಾತ್ರ ಇನ್ನೂ ಹೊಳೆಯುತ್ತಿತ್ತು. ಮಾಡಿದವರ ಕೈ ಚೆನ್ನಾಗಿಯೇ ಇತ್ತು. ಸಾಲ್ಡರ್ ಮುಗಿದ ಜಾಗದಿಂದ ಒಂದೆರಡು ಮಿಲಿಮೀಟರ್ ಆಚೆಗೆ ಏಳು ಎಳೆಗಳೂ ತುಂಡಾಗಿದ್ದವು. ಐದು ಎಂದೋ ಮುರಿದು ಕಪ್ಪಾಗಿದ್ದವು. ಉಳಿದೆರಡರ ತುದಿಗಳು ಇನ್ಸುಲೇಶನ್ ಒಳಗೆ ಒಂದಕ್ಕೊಂದು ತಾಗಿಕೊಂಡಿದ್ದವು ಅಷ್ಟೆ. ಮಲ್ಟಿಮೀಟರ್ ಹಿಡಿದರೆ ಸೊನ್ನೆ ಓಮ್!

ಎಳೆಗಳಿರುವ ತಂತಿಗೆ ಸಾಲ್ಡರ್ ಹಾಕಿದಾಗ ಅದು ಬತ್ತಿಗೆ ಎಣ್ಣೆ ಏರಿದ ಹಾಗೆ ಎಳೆಗಳ ನಡುವೆ ಒಳಕ್ಕೆ ಏರುತ್ತದೆ. ಏರಿದಷ್ಟು ಉದ್ದ ತಂತಿ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ, ಆಚೆಗಿನದು ಮೆತ್ತಗೇ ಇರುತ್ತದೆ. ಗಾಳಿಗೆ ತೂಗಾಡಿದಾಗ ಬಾಗುವಿಕೆಯೆಲ್ಲ ಇವೆರಡರ ಗಡಿಯಲ್ಲೇ ಆಗುತ್ತದೆ. ಅದಕ್ಕೇ ನನ್ನ ಪಟ್ಟು: ಎಳೆತ ಹೊರುವುದು, ಕರೆಂಟು ಹರಿಸುವುದು, ನೀರು ತಡೆಯುವುದು, ಈ ಮೂರನ್ನೂ ಒಂದೇ ಚೂರು ಸಾಲ್ಡರಿನ ತಲೆಗೆ ಕಟ್ಟಬೇಡಿ.

ಎಳೆತವನ್ನು ಇನ್ಸುಲೇಟರ್ ಹೊರಲಿ. ತಂತಿಯನ್ನು ಅದರ ತೂತಿನಲ್ಲಿ ತೂರಿಸಿ, ಹಿಂದಕ್ಕೆ ತಂದು ತನ್ನ ಮೇಲೇ ಸುತ್ತಬೇಕು. ಕೋಆಕ್ಸಿಗೆ (ರೇಡಿಯೊದಿಂದ ಆಂಟೆನಾಗೆ ಬರುವ ಕೇಬಲ್) ಹೋಗುವ ಬಾಲ ಸ್ವಲ್ಪ ಸಡಿಲವಾಗಿ, ಯಾವ ಭಾರವೂ ಬೀಳದಂತೆ ಇರಬೇಕು. ಅದರ ತುದಿಗೆ ನಾನು ಸಾಲ್ಡರಿಗಿಂತ ಕ್ರಿಂಪ್ ಲಗ್ಗನ್ನೇ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ಕೊಳವೆ) ಇಷ್ಟಪಡುತ್ತೇನೆ. ಆದರೆ ಲಗ್ಗಿನ ಅಳತೆಗೆ ಸರಿಯಾದ ಕ್ರಿಂಪಿಂಗ್ ಟೂಲ್ ಬೇಕು. ಇಕ್ಕಳದಲ್ಲಿ ಚಪ್ಪಟೆ ಮಾಡಿದ್ದನ್ನು ಕ್ರಿಂಪ್ ಅನ್ನಬೇಡಿ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ, ಜಾರಿದರೆ ಕತ್ತರಿಸಿ ಬಿಸಾಡಿ. ಸಾಲ್ಡರ್ ಸವರಿದ ಎಳೆತಂತಿಯನ್ನು ಸ್ಕ್ರೂ ಟರ್ಮಿನಲ್ಲಿಗೆ ಹಾಕುವುದೂ ತಪ್ಪು. ಒತ್ತಡದಲ್ಲಿ ಸಾಲ್ಡರ್ ನಿಧಾನಕ್ಕೆ ಹರಿದು ತೆಳ್ಳಗಾಗುತ್ತದೆ, ಸ್ಕ್ರೂ ತಾನಾಗಿ ಸಡಿಲವಾಗುತ್ತದೆ.

ಒಂಟಿ ಎಳೆಯ ತಂತಿ ನಡುವೆ ತುಂಡಾದರೆ ಟೆಲಿಗ್ರಾಫ್ ಕಾಲದ ಲೈನ್‌ಮನ್ನರ ಗಂಟೇ ಸಾಕು. ಎರಡೂ ತುದಿಗಳನ್ನು ತಾಮ್ರ ಕೆಂಪಗೆ ಕಾಣುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ. ಅಡ್ಡಡ್ಡ ಇಟ್ಟು ಒಂದು ಸಲ ಹೊಸೆದು, ಆಮೇಲೆ ಒಂದೊಂದು ತುದಿಯನ್ನೂ ಎದುರಿನ ತಂತಿಯ ಮೇಲೆ ಐದಾರು ಸುತ್ತು, ಸುತ್ತಿಗೆ ಸುತ್ತು ಅಂಟುವಂತೆ ಬಿಗಿಯಿರಿ. ಎಳೆದಷ್ಟೂ ಬಿಗಿಯಾಗುವ ಗಂಟು ಇದು. ಸಾಲ್ಡರ್ ಹಾಕುವುದು ಆಮೇಲೆ, ಅದೂ ಸಂದಿಗೆ ಗಾಳಿ ನುಗ್ಗದಿರಲಿ ಅಂತ. ಫ್ಲಕ್ಸ್ (ಸಾಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವ ವಸ್ತು) ರಾಳದ್ದೇ ಇರಲಿ. ಆಸಿಡ್ ಫ್ಲಕ್ಸ್ ಉಳಿದರೆ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ.

‘ಜಾಯಿಂಟಿನಲ್ಲಿ ಒಂದು ಓಮ್ ಹೆಚ್ಚಾದರೆ ಏನು ಮಹಾ’ ಅನ್ನುವವರಿದ್ದಾರೆ. 70 ಓಮ್ ಆಸುಪಾಸಿನ ಡೈಪೋಲಿಗೆ ನಿಜಕ್ಕೂ ಅಂಥ ನಷ್ಟವಿಲ್ಲ. ಆದರೆ 1 ಮೀಟರ್ ವ್ಯಾಸದ ಮ್ಯಾಗ್ನೆಟಿಕ್ ಲೂಪಿಗೆ (ಉಂಗುರದಾಕಾರದ ಚಿಕ್ಕ ಆಂಟೆನಾ) 7 ಮೆಗಾಹರ್ಟ್ಸ್‌ನಲ್ಲಿ ವಿಕಿರಣ ರೋಧ (ಅಲೆಯಾಗಿ ಹೊರಡುವ ಪವರಿನ ಲೆಕ್ಕದ ರೋಧ) ಸುಮಾರು 6 ಮಿಲಿಓಮ್. ಅಲ್ಲಿ ಒಂದು ಕಿಲುಬು ಹಿಡಿದ ಬೋಲ್ಟು ಇದ್ದರೆ ನಿಮ್ಮ ಪವರ್ ಬಹುಪಾಲು ಆ ಬೋಲ್ಟನ್ನು ಬಿಸಿ ಮಾಡಲಿಕ್ಕೇ ಹೋಗುತ್ತದೆ. ಇನ್ನೊಂದು ತಂಟೆ ಕೇಳುವ ಕಡೆಯದು. 1920ರ ದಶಕದಲ್ಲಿ ತಾಮ್ರದ ಆಕ್ಸೈಡಿನಿಂದಲೇ ರೆಕ್ಟಿಫೈಯರ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಮಾಡುತ್ತಿದ್ದರು. ಕಿಲುಬು ಹಿಡಿದ ಜಾಯಿಂಟ್ ಕೂಡ, ನಾವು ಬಯಸದಿದ್ದರೂ, ಡಯೋಡಿನಂತೆ ವರ್ತಿಸಿ ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು ಪಟ್ಟಿನ ಬೇಡದ ಸಿಗ್ನಲ್) ಹುಟ್ಟಿಸುತ್ತದೆ. ಪಕ್ಕದ ತುಕ್ಕು ಹಿಡಿದ ಬೇಲಿಯೂ ಇದೇ ಆಟ ಆಡಬಲ್ಲದು. ಅದು ಬೇರೆ ಕಥೆ.

ಅರ್ಥಿಂಗಿಗೆ ಬಂದರೆ ಲೆಕ್ಕವೇ ಬದಲು. ಸಿಡಿಲಿನ ದಾರಿಯಲ್ಲಿ ಸಾಲ್ಡರನ್ನೇ ನಂಬಿದ ಜಾಯಿಂಟ್ ಇರಲೇಬಾರದು. 63/37 ತವರ-ಸೀಸದ ಸಾಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹತ್ತಾರು ಸಾವಿರ ಆಂಪಿಯರ್ ನುಗ್ಗಿದಾಗ ಅದು ತಂತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ ನೆಚ್ಚಿಕೊಳ್ಳುವಂತಿಲ್ಲ. ನೆಲಕ್ಕೆ ಹೊಡೆದ ಅರ್ಥಿಂಗ್ ರಾಡಿಗೆ ಕಂಚಿನ ಕ್ಲಾಂಪ್, ಇಲ್ಲವೇ ತಾಮ್ರದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿ ಉರಿಸಿ ಅಚ್ಚಿನೊಳಗೆ ತಾಮ್ರ ಕರಗಿಸುವ ಎಕ್ಸೋಥರ್ಮಿಕ್ ವೆಲ್ಡಿಂಗ್. ಮಣ್ಣಿನಡಿ ಹೋಗುವ ಜಾಯಿಂಟಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ, ಮತ್ತೆ ಅಗೆದು ಬಿಗಿ ಮಾಡುವ ಕೆಲಸ ಇರುವುದಿಲ್ಲ. ತಂತಿಯನ್ನು ಲಂಬಕೋನಕ್ಕೆ ಮಡಚಬೇಡಿ, ದೊಡ್ಡ ಬಾಗು ಕೊಡಿ. ಒಂದು ಮೀಟರ್ ತಂತಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಕರೆಂಟು ಮೈಕ್ರೋಸೆಕೆಂಡಿಗೆ 1,000 ಆಂಪಿಯರಿನಂತೆ ಏರಿದರೂ ಮೀಟರಿಗೆ 1,000 ವೋಲ್ಟ್ ಎದ್ದು ನಿಲ್ಲುತ್ತದೆ.

ಸತು ಲೇಪಿಸಿದ ಗೋಪುರದ ಕಾಲಿಗೆ ಬರಿಯ ತಾಮ್ರವನ್ನು ನೇರ ಬಿಗಿಯುವುದನ್ನು ಎಷ್ಟು ಸಲ ಕಂಡಿದ್ದೇನೋ! ನೀರು ಸೇರಿದರೆ ಸತು ಕರಗಿ ಕಬ್ಬಿಣ ಬಯಲಾಗುತ್ತದೆ. ತಾಮ್ರದ ಮೇಲಿಂದ ತೊಟ್ಟಿಕ್ಕುವ ನೀರು ಬಿದ್ದಲ್ಲೂ ಇದೇ ಗತಿ. ನಡುವೆ ಸ್ಟೇನ್‌ಲೆಸ್ ಸ್ಟೀಲಿನ ತೆಳು ಪಟ್ಟಿಯಿಟ್ಟು, ತಂತಿಯನ್ನು ಕೆಳಗಿನಿಂದ ತನ್ನಿ.

ನೀರಿನ ವಿಷಯಕ್ಕೆ ಎರಡೇ ಮಾತು. ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರಿಂದ ಹೊರಬರುವ ಅಸಿಟಿಕ್ ಆಮ್ಲ ತಾಮ್ರವನ್ನು ಕೆಡಿಸುತ್ತದೆ. ವಾಸನೆಯಿಲ್ಲದ ನ್ಯೂಟ್ರಲ್ ಬಗೆಯದು ಬಳಸಿ. ಕೋಆಕ್ಸಿನ ಹೊರಗಿನ ತಂತಿ ಹೆಣಿಗೆ ನೀರನ್ನು ಬಟ್ಟೆಯಂತೆ ಹೀರುವುದರಿಂದ ತುದಿಯನ್ನು ಮೇಲ್ಮುಖವಾಗಿ ಬಿಡಬೇಡಿ.

ಪರೀಕ್ಷೆಗೆ ಬೆಂಚ್ ಪವರ್ ಸಪ್ಲೈ ಬೇಕು. ಮಲ್ಟಿಮೀಟರ್ ಓಮ್ ಅಳೆಯಲು ಕಳಿಸುವುದು ಒಂದು ಮಿಲಿಆಂಪಿಯರ್ ಆಸುಪಾಸು. ಎರಡು ಎಳೆ ತಾಗಿದ್ದರೂ ಅದಕ್ಕೆ ಸಾಕು. ಬದಲಿಗೆ ಜಾಯಿಂಟಿನಲ್ಲಿ 5 ಆಂಪಿಯರ್ ಹರಿಸಿ, ಎರಡೂ ಬದಿಯಲ್ಲಿ ಮಿಲಿವೋಲ್ಟ್ ಅಳೆಯಿರಿ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ 10 ಸೆಂಟಿಮೀಟರಿಗೆ ಸುಮಾರು 6 ಮಿಲಿವೋಲ್ಟ್ ಬರುತ್ತದೆ. ಅಷ್ಟೇ ಉದ್ದದ ಜಾಯಿಂಟಿಗೆ ಅದಕ್ಕಿಂತ ಹೆಚ್ಚು ಬರಬಾರದು. ಓದುತ್ತಲೇ ತಂತಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಆ ಡೈಪೋಲಿನ ಇನ್ನೊಂದು ಬದಿಗೂ ಹೀಗೇ ಮಾಡಿದೆ, ಟೇಪು ಬಿಚ್ಚುವ ಮೊದಲೇ. ಎರಡನೆಯ ತಟ್ಟಿಗೆ ಅಂಕಿ ಜಿಗಿಯಿತು.